ಮುಂದಿನ ಜಮಖಾನ

ಆಗ, ಎಂಬತ್ತರ ದಶಕದಲ್ಲಿ, ಮುಕ್ಕುಂದದಲ್ಲಿ ಭತ್ತದ ರಾಶಿ ಮನೆಗೆ ಬಂತೆಂದರೆ ಓಣಿಯ ಹುಡುಗರಿಗೆ ನಾಟಕದ ಹುಚ್ಚು ಹಿಡಿಯುತ್ತಿತ್ತು. ಶಾಲೆಯ ಅಂಗಳದಲ್ಲಿ ತಾಲೀಮು, ಹಾರ್ಮೋನಿಯಂ ನುಡಿಸುತ್ತ ನಾಟಕ ಕಲಿಸುವ ಪೇಟಿ ಮಾಸ್ತರರ ಗದರಿಕೆ, ನಡುವೆ ತಿನ್ನಲು ಮಂಡಾಳ ಒಗ್ಗರಣಿ, ಮಿರ್ಚಿ. ಅಷ್ಟೊಂದು ಹುಚ್ಚರ ನಡುವೆ ಊರು ಹುಚ್ಚಿ ಎಂದು ಕರೆದದ್ದು ಮಾತ್ರ ನನ್ನ ಅಕ್ಕ ಅಮರಮ್ಮನನ್ನು.

ಆಕೆಗೆ ಹನ್ನೆರಡು, ನನಗೆ ಒಂಬತ್ತು. ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಜೋರು ಸಪ್ಪಳವಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದಕ್ಕೊಂದು ಹೆಸರಿದೆಯೆಂದು ನನಗೆ ತಿಳಿದದ್ದು ನಾನು ಟೀಚರಾದ ಮೇಲೆ. ಆದರೆ ತಾಲೀಮಿಗೆ ಒಂದು ದಿನವೂ ತಪ್ಪಿಸಿದವಳಲ್ಲ. ಎಲ್ಲರಿಗಿಂತ ಹಿಂದೆ, ಹುಲ್ಲಿನ ಬಣವೆಗೆ ಆತು, ಗೋಣಿಚೀಲದ ಮೇಲೆ ತೂಗುತ್ತ ಕೂತು ಇಡೀ ನಾಟಕ ಬಾಯಿಪಾಠ ಮಾಡಿದ್ದಳು. ಮನೆಯಲ್ಲಿ ಗೌಡನ ಪಾತ್ರದ ಮಾತು ನಾನು ಅರ್ಧ ಹೇಳಿದರೆ ಉಳಿದರ್ಧ ಆಕೆ ಅದೇ ದನಿಯಲ್ಲಿ ಹೇಳುತ್ತಿದ್ದಳು. ನಮ್ಮಿಬ್ಬರ ಮಾತುಕತೆಯೆಂದರೆ ಅದೇ.

ನಾಟಕದ ದಿನ ಅದೇ ಅಂಗಳದಲ್ಲಿ ಮಾಸ್ತರರಿಗೆ ಅಭಿಮಾನ ಉಕ್ಕಿತು. "ಇಡೀ ನಾಟಕ ಬಾಯಾಗ ಐತ್ರೀ ಈ ಹುಡುಗಿಗೆ. ಮುಂದ ಜಮಖಾನದ ಮ್ಯಾಲ ಕುಂದ್ರಸ್ರಿ!"

ಅದು ಊರ ಹಿರಿಯರಿಗೆ ಹಾಸಿದ ಜಮಖಾನ. ಅದರ ಮಗ್ಗುಲಿಗೇ ಸ್ಪೀಕರ್ ಡಬ್ಬಿ. ನಮ್ಮ ಕಡೆ ಮಾನ ಕೊಡುವುದೆಂದರೆ ಮುಂದೆ ಕೂಡಿಸುವುದು. ಹಿಂದೆ ಕೂಡಿಸಿ ಮಾನ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ. ಅಕ್ಕ ನನ್ನ ಲಂಗ ಹಿಡಿದು ಬಣವೆಯ ಕಡೆ ಜಗ್ಗಿದಳು.

"ಯವ್ವಾ, ಅಕ್ಕ ಹಿಂದ ಜಗ್ಗಾಕತ್ಯಾಳ," ಅಂದೆ.

"ಸುಮ್ನ ಕುಂದ್ರು ಬೇ. ಹಿಂದ ಕುಂದ್ರಾಕ ನಾವೇನು ಕರೀಲಾರದ ಬಂದೀವೇನು?" ಅಂದಳು ಅವ್ವ.

ಸುಮ್ಮನಾದೆ. ಅವ್ವನ ಹೆದರಿಕೆಗಲ್ಲ. ಜಮಖಾನದ ಮೇಲೆ ಕೂತು ಗೆಳತಿಯರ ಕಡೆ ಹೊರಳಿ ನೋಡುವ ಜಂಬ ನನಗೂ ಇತ್ತು. ಅಕ್ಕನ ಕೈ ಬಿಡಿಸಿ ನಾನೇ ಆಕೆಯನ್ನು ಕೂಡಿಸಿದೆ.

ಪರದೆ ಏಳುವ ಮೊದಲು ಸಿಡಿಮದ್ದು ಹಾರಿಸುವುದು ವಾಡಿಕೆ. ಹಾರಿಸಿದರು. ಅದೇ ಹೊತ್ತಿಗೆ ಡಬ್ಬಿಯೂ ಕಿರ್ರೆಂದು ಅರಚಿತು. ಅಕ್ಕ ಚೀರಿ ಎದ್ದವಳು, ದಾರಿ ಕಾಣದೆ ಪರದೆಗೇ ನುಗ್ಗಿ, ಬಿದಿರಿನ ಸಮೇತ ಅದನ್ನು ಮೈಮೇಲೆ ಕೆಡವಿಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಅಪ್ಪ ಎಲ್ಲರೆದುರು ಆಕೆಯ ಕಪಾಳಕ್ಕೆ ಹೊಡೆದ.

"ಗಾಳಿ ಬಡದೈತ್ರೀ. ಇಂಥಾಕಿನ್ನ ಮಂದ್ಯಾಗ ಯಾಕ ಕರ್ಕೊಂಡು ಬರ್ತೀರಿ?" ಅಂದರು ಅದೇ ಮಾಸ್ತರು.

ಮರುವರ್ಷ ತಾಲೀಮಿನ ಅಂಗಳಕ್ಕೆ ಆಕೆಯನ್ನು ಬಿಡಬಾರದೆಂದು ಹೇಳಿ ಕಳಿಸಿದರು. ಹೇಳಬೇಕಾಗಿಯೇ ಇರಲಿಲ್ಲ. ಅಕ್ಕ ಆ ಕಡೆ ಹಾಯಲೇ ಇಲ್ಲ.

ಮೊನ್ನೆ ಲಿಂಗಸುಗೂರಿನಲ್ಲಿ ಅಕ್ಕನಂಥ ಮಕ್ಕಳಿಗಾಗಿಯೇ ನಾಟಕವೆಂದು ಕರೆದಿದ್ದರು. ಬಾಗಿಲಲ್ಲೇ ಡೊಳ್ಳು ಬಡಿದು ಸ್ವಾಗತ. ಮಕ್ಕಳಿಗೆ ಮೊದಲ ಸಾಲು, ಎರಡೂ ಕಡೆ ಆಳೆತ್ತರದ ಸ್ಪೀಕರು. ಒಬ್ಬ ಹುಡುಗಿ ಆಗಲೇ ಕಿವಿ ಮುಚ್ಚಿ ತೂಗುತ್ತಿದ್ದಳು. ಹಿಂದೆ ಕೂಡಿಸಿರಿ, ಸಪ್ಪಳ ಇಳಿಸಿರಿ ಎಂದು ಬೇಡಿಕೊಂಡೆ.

"ಏನ್ರೀ ಮೇಡಂ, ಇವರ ಸಲುವಾಗೇ ಫಂಕ್ಷನ್ ಐತಿ. ಹಿಂದ ಕುಂದ್ರಿಸಿದ್ರ ಅವಮಾನ ಅಲ್ಲೇನ್ರೀ?" ಅಂದರು ಸಂಘಟಕರು.

ಇಷ್ಟು ವರ್ಷದಲ್ಲಿ ಜಮಖಾನ ಹೋಗಿ ಸೋಫಾ ಬಂದಿದೆ, ಅಷ್ಟೇ. ಬೇಕಾಗಿದ್ದದ್ದು ಹಿಂದೆ ಒಂದು ಗೋಣಿಚೀಲದಷ್ಟು ಜಾಗ.

ಮನೆಗೆ ಬಂದು, ಶೇಂಗಾ ಸುಲಿಯುತ್ತಿದ್ದ ಅಕ್ಕನ ಪಕ್ಕ ಕೂತು ಗೌಡನ ಮಾತು ಅರ್ಧ ಹೇಳಿ ಕಾದೆ. ಆಕೆ ತಲೆ ಎತ್ತಲಿಲ್ಲ. ಉಳಿದರ್ಧ ನನಗೆ ಬರುವುದಿಲ್ಲ. ಆಕೆ ಹೇಳುತ್ತಾಳೆಂದು ನಾನು ಕಲಿತೇ ಇರಲಿಲ್ಲ.