ಅತ್ತೆಯ ಎಡಗಣ್ಣು ಹೇಳುವ ಹುಳಿ

"ಹುಳಿ ಸಾಲದು ಕಣೇ."

ಅತ್ತೆ ಚಮಚ ಕೆಳಗಿಡುತ್ತಾರೆ. ಹೊರಗೆ ಇನ್ನೂ ನಸುಗತ್ತಲು. ಅಡುಗೆಮನೆಯ ಕಿಟಕಿಯ ಗಾಜು ಹಬೆಗೆ ಮಬ್ಬಾಗಿದೆ. ಒಲೆಯ ಪಕ್ಕ ನಿಂತ ಸೊಸೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವರು ನೋಡುತ್ತಿರುವುದು ಅತ್ತೆಯ ಎಡಗಣ್ಣನ್ನು. ಅದು ಅಗಲವಾಗಿ ತೆರೆದೇ ಇದೆ. ಈ ಹೊತ್ತಿಗೆ ಮುಚ್ಚಬೇಕಿತ್ತು.

ಬೀದಿಯವರ ಬಾಯಲ್ಲಿ ಈ ಸೊಸೆ ನಿಂಬಕ್ಕ. ಪನ್ನಾಕೋಟಾ ಎಂಬ ಇಟಲಿಯ ಸಿಹಿಯನ್ನು ಮನೆಯಲ್ಲೇ ಮಾಡಿ ಮೂಲೆಯ ಕೆಫೆಗೆ ಕೊಡುವುದು ಇವರ ಕಸುಬು. ಕೆನೆಗೆ ಸಕ್ಕರೆ, ನಿಂಬೆಸಿಪ್ಪೆಯ ತುರಿ ಹಾಕಿ, ಕುದಿ ಬರದಂತೆ ಕಾಯಿಸುತ್ತಾರೆ. ಹೆಪ್ಪುಗಟ್ಟಲೆಂದು ತಣ್ಣೀರಲ್ಲಿ ನೆನೆಸಿದ ಜೆಲಟಿನ್ ಅದರಲ್ಲಿ ಕರಗಿಸಿ, ಸೋಸಿ, ಉಗುರುಬೆಚ್ಚಗಾದ ಮೇಲೆ ರಸ ಹಿಂಡುತ್ತಾರೆ. ಬಟ್ಟಲಿಗೆ ಸುರಿದು ಫ್ರಿಜ್ಜಿನಲ್ಲಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಯಾರು. ತಟ್ಟೆಗೆ ಬೋರಲು ಹಾಕಿದಾಗ ಚಳಿ ಹೊಕ್ಕವರಂತೆ ಒಮ್ಮೆ ನಡುಗಿ ಸುಮ್ಮನಾಗಬೇಕು.

"ರಸ ಬಿಸಿಯಲ್ಲಿ ಹಾಕಿದ್ರೆ ಒಡೆದು ಹೋಗುತ್ತೆ. ಅದೆಲ್ಲ ನನ್ನ ಕೈಗೇ ಗೊತ್ತು," ಎನ್ನುತ್ತಾರೆ ನಿಂಬಕ್ಕ. "ರುಚಿ ಒಂದು ಬಿಟ್ಟು."

ಹೌದು, ಇವರಿಗೆ ರುಚಿ ತಿಳಿಯುವುದಿಲ್ಲ, ವಾಸನೆಯೂ ಇಲ್ಲ. ಹಿಂದೆ ದೊಡ್ಡ ಹೋಟೆಲೊಂದರ ಸಿಹಿ ವಿಭಾಗದಲ್ಲಿ ಕೆಲಸಕ್ಕಿದ್ದಾಗ ಜ್ವರ ಬಂತು. "ಜ್ವರವೇನೋ ಬಿಡ್ತು. ಹೋಗೋವಾಗ ಮೂಗು, ನಾಲಿಗೆ ಎರಡನ್ನೂ ಜೊತೇಲಿ ಕರ್ಕೊಂಡು ಹೋಯ್ತು." ಹೋಟೆಲಿನವರು ಒಳ್ಳೆಯ ಮಾತಾಡಿಯೇ ಮನೆಗೆ ಕಳಿಸಿದರು. ಬೇರೆ ಯಾವ ಅಡುಗೆಮನೆಯೂ ಕರೆಯಲಿಲ್ಲ. ಕೆಫೆಯ ಯಜಮಾನರು ಮಾತ್ರ, "ತಿನ್ನೋರಿಗೆ ರುಚಿಸಿದ್ರೆ ಸಾಕು ಅಕ್ಕಾ," ಎಂದು ಒಪ್ಪಿಕೊಂಡರು.

ರುಚಿ ನೋಡುವವರು ಯಾರು? ಮೊದಲು ಗಂಡನನ್ನು ಕೇಳಿ ನೋಡಿದರು. ಟ್ಯಾಕ್ಸಿ ಓಡಿಸುವ ಅವರು ಪಾಪದ ಮನುಷ್ಯ. ಏನು ಕೊಟ್ಟರೂ ಚೆನ್ನಾಗಿದೆ. ಅತ್ತೆ ಅದಕ್ಕೆ ತದ್ವಿರುದ್ಧ; ಏನು ಕೊಟ್ಟರೂ ಹುಳಿ ಸಾಲದು. ಆದರೆ ಅತ್ತೆಯ ಬಾಯಿ ಏನೇ ಅನ್ನಲಿ, ಮುಖ ಸುಳ್ಳು ಹೇಳುವುದಿಲ್ಲ ಎಂಬುದನ್ನು ನಿಂಬಕ್ಕ ಒಂದು ದಿನ ಕಂಡುಕೊಂಡರು. ಹುಳಿ ಹದವಾಗಿದ್ದರೆ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅತಿಯಾದರೆ ಎರಡೂ. ಅಂದಿನಿಂದ ಆ ಕಣ್ಣೇ ಇವರ ನಾಲಿಗೆ. ಅತ್ತೆಗೆ ಮಾತ್ರ ಇದನ್ನು ಹೇಳಿಲ್ಲ.

ಆದರೆ ಕೆಲವು ದಿನಗಳಿಂದ ಲೆಕ್ಕವೆಲ್ಲ ತಲೆಕೆಳಗು. ಎಷ್ಟು ಹಿಂಡಿದರೂ ಎಡಗಣ್ಣು ಜಪ್ಪಯ್ಯ ಅನ್ನುವುದಿಲ್ಲ. ಸಾಲದೇನೋ ಎಂದು ಮತ್ತೆ ಹಿಂಡಿ ಕಳಿಸಿದರೆ ಬಟ್ಟಲುಗಳು ಹೋದ ದಾರಿಯಲ್ಲೇ ವಾಪಸ್. "ಬಾಯಿಗೆ ಇಡೋಕಾಗಲ್ಲ ಅಕ್ಕಾ," ಎಂದು ಯಜಮಾನರು ನಿನ್ನೆ ಫೋನಿನಲ್ಲಿ ಬೇಸರ ಮಾಡಿಕೊಂಡರು. "ನಾಳೆಯೂ ಹಿಂಗೇ ಆದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಆ ನಾಳೆಯೇ ಇವತ್ತು.

"ಕೆಫೆಯವರು ಜಾಸ್ತಿ ಅಂತಾರೆ, ಇಲ್ಲಿ ನೋಡಿದ್ರೆ ಏನೂ ಆಗೇ ಇಲ್ಲ," ಎಂದು ನಿಂಬಕ್ಕ ಗೊಣಗುತ್ತಾರೆ. ನಿಂಬೆಹಣ್ಣು ಬದಲಾಯಿಸಿದ್ದಾಯಿತು. ಜೆಲಟಿನ್ನೇ ಹುಳಿಯನ್ನು ನುಂಗುತ್ತಿದೆಯೇನೋ ಎಂಬ ಗುಮಾನಿಯೂ ಬಂದು ಹೋಯಿತು. ಕೊನೆಗೆ ಶೂ ಹಾಕಿಕೊಳ್ಳುತ್ತಿದ್ದ ಗಂಡನ ಬಾಯಿಗೊಂದು ಚಮಚ ಹಿಡಿಯುತ್ತಾರೆ.

"ಚೆನ್ನಾಗಿದೆ."

"ರೀ, ಕಣ್ಣಲ್ಲಿ ನೀರ್ ಬರ್ತಿದೆ!"

"ಧೂಳು ಬಿತ್ತು ಮಾರಾಯ್ತಿ," ಎಂದವರೇ ಕಾರಿನ ಕೀಲಿ ಹಿಡಿದು ಪರಾರಿ.

"ಒಬ್ಬರು ಅಳ್ತಾರೆ, ಒಬ್ಬರು ಕಲ್ಲಾಗಿ ಕೂತಿದ್ದಾರೆ. ನಾನು ಯಾರನ್ನ ನಂಬಲಿ?"

ಅತ್ತೆ ನಿಜಕ್ಕೂ ಕಲ್ಲಾಗಿ ಕೂತಿದ್ದಾರೆ. ಇಷ್ಟು ಬೆಳಗ್ಗೆಯೇ ಇಸ್ತ್ರಿ ಬಟ್ಟೆ, ನೀಟಾಗಿ ಬಾಚಿದ ತಲೆ, ಮುಖಕ್ಕೆ ತೆಳ್ಳಗೆ ಪೌಡರ್. ಎದುರಿಗೆ, ನಿಂಬಕ್ಕನ ಮೇಲಿನ ಲೇಖನಕ್ಕೆಂದು ಬಂದ ಪತ್ರಿಕೆಯ ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ನಿಂತಿದ್ದಾರೆ.

"ಅಜ್ಜಿ, ಒಂದ್ನಿಮಿಷ. ಬ್ಯಾಟರಿ ಹೋಯ್ತು," ಎಂದು ಅವರು ಬ್ಯಾಗಿನತ್ತ ಬಗ್ಗುತ್ತಾರೆ.

ಕ್ಯಾಮೆರಾ ಕೆಳಗಿಳಿದದ್ದೇ ತಡ, ಅತ್ತೆಯ ಮುಖ ಮುದುಡಿದ ಕಾಗದದಂತಾಗುತ್ತದೆ. ಎರಡೂ ಕಣ್ಣು ಗಪ್ಪನೆ ಮುಚ್ಚುತ್ತವೆ. "ಸ್ಸ್... ಅಯ್ಯಪ್ಪಾ!"

ನಿಂಬಕ್ಕನ ಕೈಲಿದ್ದ ಸೌಟು ಪಾತ್ರೆಗೆ ಬೀಳುತ್ತದೆ. "ಅತ್ತೆ! ಇಷ್ಟು ದಿನ ತಡ್ಕೊಂಡಿದ್ರಾ?"

"ಪೇಪರ್‌ನೋರು ಫೋನ್ ಮಾಡಿದಾಗಿಂದ ಅಭ್ಯಾಸ ಮಾಡ್ತಿದೀನಮ್ಮಾ," ಅತ್ತೆ ಕಣ್ಣೊರೆಸಿಕೊಳ್ಳುತ್ತಾರೆ. "ಮದುವೆ ದಿನ ಯಾರೋ ಹುಳಿ ಶರಬತ್ತು ಕುಡಿಸಿ, ಇರೋ ಒಂದೇ ಒಂದು ಫೋಟೋದಲ್ಲಿ ಕಣ್ಣು ಹೊಡ್ದಂಗೆ ಬಂದಿದೀನಿ. ನಿಮ್ಮ ಮಾವ ಬದುಕಿರೋವರೆಗೂ ಆಡ್ಕೊಂಡು ನಕ್ಕರು. ಪೇಪರ್‌ನಲ್ಲೂ ಹಂಗೇ ಬರಬೇಕಾ?"

ಮುಚ್ಚಿಟ್ಟ ಗುಟ್ಟನ್ನು ಸೊಸೆ ಈಗ ಬಾಯಿಬಿಡಲೇಬೇಕು. ಕೇಳಿದ ಅತ್ತೆ ತಮ್ಮ ಎಡಗಣ್ಣನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

"ಅಂದ್ರೆ ಇಷ್ಟು ವರ್ಷ ನೀನು ನನ್ನ ಮಾತೇ ಕೇಳಿಲ್ಲ?"

"ಕೇಳಿದ್ದಿದ್ರೆ ಕೆಫೆ ಯಾವತ್ತೋ ಮುಚ್ಚಿಹೋಗ್ತಿತ್ತು ಅತ್ತೆ."

ಫೋಟೋಗ್ರಾಫರ್‌ಗೆ ನಗು ತಡೆಯಲಾಗದೆ ಕೆಮ್ಮು ಬರುತ್ತದೆ.

ನಿಂಬಕ್ಕ ಇನ್ನೊಂದು ಪಾತ್ರೆಯಲ್ಲಿ ಕೆನೆ, ಸಕ್ಕರೆ ಕಾಯಿಸಿ, ಜೆಲಟಿನ್ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಹುಳಿಯಾದದ್ದನ್ನು ಅದಕ್ಕೆ ಸ್ವಲ್ಪಸ್ವಲ್ಪವೇ ಬೆರೆಸುತ್ತಾರೆ. ಗೊತ್ತಿಲ್ಲದೆ ಮುಚ್ಚುತ್ತಿದ್ದ ಕಣ್ಣು, ಗೊತ್ತಾದ ಮೇಲೂ ಮುಚ್ಚೀತೇ? ಇನ್ನು ಕೇಳುವುದಕ್ಕೆ ಬೇರೆ ಮುಖವಿಲ್ಲ.

"ಆಗ್ಲೇ ಏನಾದ್ರೂ ಆಸೆ ಇದೆಯಾ ಅಂತ ಕೇಳಿದ್ರಲ್ಲ," ಎನ್ನುತ್ತಾರೆ ಫೋಟೋಗ್ರಾಫರ್‌ಗೆ, ಸೌಟು ತಿರುಗಿಸುತ್ತಲೇ. "ಸಿಪ್ಪೆ ತುರಿಯೋವಾಗ ಘಮ್ ಅಂತಿತ್ತು. ಅದು ಒಂದೇ ಒಂದ್ಸಲ ಬಂದ್ರೆ ಸಾಕು."

ಅತ್ತೆ ಕುರ್ಚಿ ಎಳೆದುಕೊಂಡು ಫೋಟೋಗ್ರಾಫರ್‌ಗೆ ಬೆನ್ನು ಹಾಕಿ ಕೂರುತ್ತಾರೆ. ಆಮೇಲೆ ಏನನ್ನಿಸಿತೋ, ಮತ್ತೆ ಕ್ಯಾಮೆರಾದತ್ತ ತಿರುಗುತ್ತಾರೆ.

"ತೆಗಿಯಪ್ಪಾ. ಹೆಂಗೆ ಬರುತ್ತೋ ಬರಲಿ."

ಚಮಚ ಬಾಯಿಗೆ ಹೋಗುತ್ತದೆ.

"ಹೆಂಗಿದೆ ಅತ್ತೆ?"

"ಹುಳಿ ಸಾಲದು ಕಣೇ."

ನಿಂಬಕ್ಕ ಆ ಮಾತು ಮುಗಿಯುವುದಕ್ಕೂ ಕಾಯುವುದಿಲ್ಲ. ಅತ್ತೆಯ ಎಡಗಣ್ಣು ಮುಚ್ಚಿಕೊಂಡಿದೆ, ಕ್ಯಾಮೆರಾ ಕ್ಲಿಕ್ ಎಂದಿದೆ. ಅವರು ಮೊದಲ ಬಟ್ಟಲನ್ನು ಹತ್ತಿರ ಎಳೆದುಕೊಂಡು ಸುರಿಯತೊಡಗುತ್ತಾರೆ.