ತಾಮ್ರದ ಹಾಳೆಯ ಸೀಳು

ಗವಿಸಿದ್ದೇಶ್ ಹರಪನಹಳ್ಳಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ. ಹೆಂಡತಿ ಅಮೃತಾ ಕೊಟ್ಟೂರಿನ ಮನೆಯಲ್ಲೇ ಕೂತು ಕಂಪನಿಯೊಂದಕ್ಕೆ ಕಂಪ್ಯೂಟರ್ ಬೋರ್ಡುಗಳನ್ನು ಪರೀಕ್ಷಿಸಿ ಕೊಡುತ್ತಿದ್ದಳು. ಬೋರ್ಡಿನಲ್ಲಿ ಮೆಮೊರಿ ಚಿಪ್ಪಿಗೆ ಹೋಗುವ ಕೂದಲೆಳೆಯಂಥ ತಾಮ್ರದ ಗೆರೆಗಳು ಒತ್ತೊತ್ತಾಗಿ ಓಡುತ್ತವೆ. ವೇಗ ಹೆಚ್ಚಿದಷ್ಟೂ ಒಂದರ ಸಂಕೇತ ಪಕ್ಕದ್ದಕ್ಕೆ ಸೋರಿ ಗದ್ದಲವಾಗುತ್ತದೆ. ಚಿಪ್ಪು ಸೊನ್ನೆಯನ್ನು ಒಂದೆಂದು ತಪ್ಪು ಓದದಂತೆ ಗೆರೆ ಎಷ್ಟು ಗದ್ದಲ ತಾಳೀತು ಎಂದು ನೋಡುವುದೇ ಅವಳ ಕೆಲಸ.

ಮದುವೆಯ ಹೊಸದರಲ್ಲಿ ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದವನು ಅವನೇ. ಈಗ ಅವಳು ಫೋನಿನಲ್ಲಿ ಆಡುವ ಮಾತು ಅರ್ಧಕ್ಕರ್ಧ ಅವನಿಗೆ ತಿಳಿಯುತ್ತಿರಲಿಲ್ಲ. ಅವಳ ಮೇಲಧಿಕಾರಿ ಭರತ್ ಸ್ಪೀಕರಿನಲ್ಲಿ "ನೀವು ಹೇಳಿದ ಮೇಲೆ ಮುಗೀತು ಮೇಡಂ" ಎಂದಾಗಲೆಲ್ಲ ಗವಿಸಿದ್ದೇಶ್ ಎದ್ದು ಫ್ಯಾನು ಜೋರು ಮಾಡುತ್ತಿದ್ದ. ನೆಂಟರು ಬಂದರೆ, "ಇಕೀಗೆ ನಾನ ಕಲಿಸಿದ್ದು" ಎಂದು ಕೇಳದಿದ್ದರೂ ಹೇಳುತ್ತಿದ್ದ.

ಒಂದು ಸಂಜೆ ಅವನು ಬಸ್ಸಿಳಿದು ಬಂದಾಗ ಅಮೃತಾ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಬೋರ್ಡು ತಪ್ಪು ಓದಾಕತ್ತೈತ್ರಿ. ನನ್ನ ಲೆಕ್ಕದಾಗ ಎಲ್ಲಾ ಸರಿ ಐತಿ."

ಅವನಿಗೆ ಹಾಲು ಕುಡಿದಷ್ಟು ಹಿತವಾಯಿತು. ಪರದೆಯತ್ತ ಬಗ್ಗಿದ. ಅಕ್ಕಪಕ್ಕದ ಗೆರೆಗಳ ಗದ್ದಲವನ್ನೆಲ್ಲ ಅವಳು ಲೆಕ್ಕಕ್ಕೆ ತಂದಿದ್ದಳು. ಆದರೆ ಬೋರ್ಡಿನ ಎರಡು ಪದರಗಳ ನಡುವೆ ತಡೆಯಾಗಿದ್ದ ತಾಮ್ರದ ಹಾಳೆಯಲ್ಲಿ ಒಂದು ಕಡೆ ಸೀಳು ಬಿಟ್ಟಿದ್ದರು. ಕೆಳಗಿನ ಗೆರೆಗಳ ಗದ್ದಲ ಅಲ್ಲಿಂದ ಮೇಲೇರುತ್ತಿರಬೇಕು. ಅವನಿಗೆ ಕಂಡಿತು.

"ಏನರ ಗೊತ್ತಾತೇನ್ರಿ?"

"ಇಲ್ಲ" ಎಂದ.

ಮರುದಿನ ಫೋನಿನಲ್ಲಿ ಭರತ್‌ನ ದನಿ ಬಿರುಸಾಗಿತ್ತು. "ನನ್ನದೇ ತಪ್ಪಿರಬೇಕು ಸರ್" ಎಂದಳು ಅಮೃತಾ. ಅವಳ ಬಾಯಿಂದ ಇಂಥ ಮಾತು ಕೇಳಬೇಕೆಂದು ಗವಿಸಿದ್ದೇಶ್ ಎಷ್ಟೋ ಸಲ ಬಯಸಿದ್ದ. ಈಗ ಕೇಳಿದಾಗ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಎದ್ದು ಬಂದು ಪರದೆಯಲ್ಲಿ ಸೀಳಿನ ಮೇಲೆ ಬೆರಳಿಟ್ಟ.

ಅಮೃತಾ ಅದನ್ನೂ ಸೇರಿಸಿ ಲೆಕ್ಕ ಹಾಕಿದಳು. ಗದ್ದಲ ಮಿತಿ ದಾಟಿತ್ತು. ಸೀಳು ಮುಚ್ಚಿ ಮಾಡಿಸಿದ ಹೊಸ ಬೋರ್ಡು ಸರಿಯಾಗಿ ಓದಿತು. "ನಮ್ಮ ಮನೆಯವರು ಕಂಡುಹಿಡಿದದ್ದು" ಎಂದು ಅವಳು ಭರತ್‌ಗೆ ಹೇಳಿದಳು.

"ಹಾಗಂತ ನಿಮಗೆ ಬಂದಿರೋ ಪ್ರಮೋಷನ್ ಅವರಿಗೆ ಕೊಡೋಕಾಗುತ್ತಾ ಮೇಡಂ?" ಎಂದು ಅವನು ನಕ್ಕ.

ಫೋನು ಇಟ್ಟ ಮೇಲೆ ಗವಿಸಿದ್ದೇಶ್ ತಡೆಯಲಾರದೆ ಹೇಳಿಬಿಟ್ಟ: "ನಿನ್ನ ಕಂಡ್ರ ನನಗ ಹೊಟ್ಟಿ ಉರಿತೈತಿ, ಅಮೃತಾ. ಆ ಸೀಳು ಮೊದಲನೇ ದಿನಾನ ಕಂಡಿತ್ತು."

ಅವಳು ಪರದೆ ಆರಿಸಿದಳು. "ಉರಿಯೋದು ಗೊತ್ತಿತ್ರಿ. ಕಂಡಿದ್ದು ಗೊತ್ತಿರಲಿಲ್ಲ" ಎಂದು ಎದ್ದು ಹೋದಳು.

ಅವಳು ಈಗಲೂ ಅವನಿಗೆ ಬೋರ್ಡು ತೋರಿಸುತ್ತಾಳೆ, ಆದರೆ ಮೊದಲು ಭರತ್‌ಗೆ ತೋರಿಸಿದ ಮೇಲೆ. ಅಲ್ಲಿಯವರೆಗೆ ಅವನು ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತಿರುತ್ತಾನೆ.