ದಿಮ್ಮಿಯ ಕೆಳಗೆ ನಿಲ್ಲಿ ಎಂದೆ

೧೯೫೬ರಲ್ಲಿ ನಾನು ಮೈಸೂರಿನಲ್ಲಿ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಆಗಿದ್ದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಗಿರಣಿಗಳು ನನ್ನ ವ್ಯಾಪ್ತಿಗೆ ಸೇರಿದ್ದವು. ಚಾಮರಾಜನಗರದ ಅಂಚಿನಲ್ಲಿದ್ದ ಮರ ಕೊಯ್ಯುವ ಮಿಲ್ಲೊಂದಕ್ಕೆ ಪುಣಜನೂರು ಕಡೆಯಿಂದ ಲಾರಿಗಳಲ್ಲಿ ದಿಮ್ಮಿಗಳು ಬರುತ್ತಿದ್ದವು. ಅವನ್ನು ಚೈನ್ ಬ್ಲಾಕಿನಿಂದ, ಅಂದರೆ ಭಾರ ಎತ್ತುವ ಸರಪಳಿ ರಾಟೆಯಿಂದ, ಗರಗಸದ ಮೇಜಿಗೆ ಏರಿಸುತ್ತಿದ್ದರು. ಬೇಸಿಗೆಯ ತಪಾಸಣೆಯಲ್ಲಿ ಆ ಸರಪಳಿಯ ಒಂದು ಕೊಂಡಿ ಸವೆದು ಬಾಯಿ ಬಿಟ್ಟಿರುವುದನ್ನು ಕಂಡು, ಬದಲಿಸಬೇಕೆಂದು ಬರೆದುಕೊಟ್ಟಿದ್ದೆ. ಮಾಲೀಕ ಸಾಹುಕಾರರು ಕಾಫಿ ತರಿಸಿ, "ನಾಳೆಗೇ ಆಯ್ತು ಅಂದ್ಕೊಳಿ ಸ್ವಾಮಿ" ಎಂದರು. ನಂಬಿದೆ.

ಎರಡು ತಿಂಗಳಿಗೆ ಅದೇ ಕೊಂಡಿ ಮುರಿದು, ಕೆಳಗಿದ್ದ ಉಡಿಗಾಲ ಹಳ್ಳಿಯ ಕೂಲಿಯಾಳು ಮಾದಯ್ಯನ ಮೇಲೆ ದಿಮ್ಮಿ ಬಿತ್ತು. ಆಸ್ಪತ್ರೆ ತಲುಪುವ ಮೊದಲೇ ಆತ ತೀರಿಕೊಂಡ. ನಾನು ಹೋದಾಗ ಮುರಿದ ಕೊಂಡಿಯ ಜಾಗಕ್ಕೆ ಒಂದು ಬೋಲ್ಟ್ ಸಿಕ್ಕಿಸಿ ಮತ್ತೆ ದಿಮ್ಮಿ ಎತ್ತುತ್ತಿದ್ದರು! ಸಾಹುಕಾರರು ಸಲೀಸಾಗಿ ಹೇಳಿದರು: "ಸರಪಳಿ ಗಟ್ಟಿಯಾಗೇ ಇತ್ತು, ಸ್ವಾಮಿ. ಕುಡ್ದು ಬಂದು ಅವನೇ ಕಟ್ಟು ಸಡ್ಲ ಮಾಡ್ಕೊಂಡ."

ಅದೇ ಮಿಲ್ಲಿನಲ್ಲಿ ಮರದ ಹೊಟ್ಟು ಹೊರುತ್ತಿದ್ದ ಮಾದಯ್ಯನ ಹೆಂಡತಿ ಸಿದ್ದಮ್ಮ ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿ ಮುರಿದ ಕೊಂಡಿಯನ್ನು ನನ್ನ ಕೈಗಿಟ್ಟಳು. "ಹೆಂಡ ಮುಟ್ದೋನಲ್ಲ ಬುದ್ಧಿ ನನ್ ಗಂಡ. ಇದ್ನ ಹೊಟ್ಟಿನ್ ರಾಶಿಗೆ ಎಸ್ದಿದ್ರು. ಬುಡಬ್ಯಾಡಿ ಇವ್ರನ್ನ."

ನನ್ನ ರಕ್ತ ಕುದಿಯಿತು. ರಾಟೆಯಿಂದ ನೇತಾಡುತ್ತಿದ್ದ ದಿಮ್ಮಿ ತೋರಿಸಿ ಸಾಹುಕಾರರಿಗೆ, "ಗಟ್ಟಿ ಅಲ್ಲವೇ? ನೀವೇ ಅದರ ಕೆಳಗೆ ನಿಲ್ಲಿ" ಎಂದೆ. ಅವರ ಮುಖ ಬಿಳುಚಿಕೊಂಡಿತು. ನೋಡಿ ನನಗೆ ಹಿತವಾಯಿತು. ಆದರೆ ಅವರು ಪಕ್ಕದಲ್ಲಿದ್ದ ಹಮಾಲಿಯೊಬ್ಬನತ್ತ ತಿರುಗಿ, "ಲೋ ಪುಟ್ಟಯ್ಯ, ನೀನ್ ನಿಂತ್ಕೊಳ್ಲಾ" ಎಂದುಬಿಟ್ಟರು. ನಡುವಯಸ್ಸಿನ ಆ ಮನುಷ್ಯ ಎದುರು ಮಾತಾಡದೆ ಹೋಗಿ ನಿಂತ.

ನಾನು ತಡೆಯಲಿಲ್ಲ. ಸಿದ್ದಮ್ಮನೇ ನುಗ್ಗಿ ಅವನ ರಟ್ಟೆ ಹಿಡಿದು ಈಚೆಗೆಳೆದಳು. "ನಿಮ್ಮಿಬ್ರ ಹಟಕ್ಕೆ ಇನ್ನೊಬ್ಬ ಸಾಯ್ಬೇಕಾ ಬುದ್ಧಿ?"

ದಿಮ್ಮಿ ಇಳಿಸಲು ಹೇಳಿ ರಾಟೆಗೆ ಮೊಹರು ಹಾಕಿದೆ. ಮಾಲೀಕರು ಸ್ವತಃ ನಿಲ್ಲಲೊಪ್ಪದೆ ಕೂಲಿಯನ್ನು ನಿಲ್ಲಿಸಿದರೆಂದು ಮಹಜರಿನಲ್ಲಿ ಬರೆದೆ. ಕೆಳಗೆ ನಿಲ್ಲಿ ಎಂದು ನಾನೇ ಹೇಳಿದ್ದನ್ನೂ ಬರೆದೆ. ಅದಕ್ಕೆ ಮೇಲಧಿಕಾರಿಗಳಿಂದ ಛೀಮಾರಿ ಸಿಕ್ಕಿತು. ಸಾಹುಕಾರರ ಮೇಲೆ ಮೊಕದ್ದಮೆ ಹೂಡಿದೆ. ಕೋರ್ಟಿನ ಜಗಲಿಯಲ್ಲಿ ಅವರು ಕೈಮುಗಿದು, "ಒಂದ್ಸಲ ಬುಟ್ಬುಡಿ ಸ್ವಾಮಿ" ಎಂದರು. "ಮಾದಯ್ಯನನ್ನು ಕೇಳಿ ಬನ್ನಿ" ಎಂದೆ. ಪ್ರತಿ ವಾಯಿದೆಗೂ ಸಿದ್ದಮ್ಮ ಅವರ ಕಣ್ಣಿಗೆ ಬೀಳುವಂತೆಯೇ ಕೂರುತ್ತಿದ್ದಳು. ಅಪರಾಧ ಸಾಬೀತಾದ ದಿನ ಅವಳು ಅಳಲಿಲ್ಲ. ಎದ್ದು ಸೀರೆ ಕೊಡವಿಕೊಂಡು ಉಡಿಗಾಲದ ದಾರಿ ಹಿಡಿದಳು.

ಸಾಹುಕಾರರನ್ನು ಕಟಕಟೆಗೆ ತಂದದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆಮೇಲೆ ಯಾವ ಕಾರ್ಖಾನೆಗೆ ಹೋದರೂ, ಎಷ್ಟೇ ಸಿಟ್ಟಿದ್ದರೂ, ಮೊದಲು ನೇತಾಡುವ ಭಾರವನ್ನು ನೆಲಕ್ಕೆ ಇಳಿಸಲು ಹೇಳುತ್ತಿದ್ದೆ. ಜಗಳವೇನಿದ್ದರೂ ಆಮೇಲೆ.